ಅಮ್ಮನ ಮರೆವಿಗೆ ಗ್ರೀನ್ ಟೀ: ಕುಡಿಸಿ ನೋಡಿದವರು ಹೇಳಿ

ಹಿರಿಮಗಳು: ಅಮ್ಮನಿಗೆ 74. ಹೇಳಿದ್ದನ್ನೇ ಹೇಳುತ್ತಾರೆ, ಹೆಸರುಗಳು ತಟ್ಟನೆ ಬಾಯಿಗೆ ಬರುವುದಿಲ್ಲ. ಬಿಪಿ ಮಾತ್ರೆ ತಗೊಳ್ಳುತ್ತಾರೆ. ಗ್ರೀನ್ ಟೀ ಶುರು ಮಾಡಿಸಲಾ?

ಕಹಿಗುಟುಕು: ಯಾರು ಏನೇ ಅನ್ನಲಿ, ನಾನಂತೂ ಕುಡಿಸುತ್ತಿದ್ದೇನೆ. ಮೊದಲು ಅಪ್ಪ "ಹುಲ್ಲು ಕುದಿಸಿದ ನೀರು" ಅಂತ ಲೋಟ ತಳ್ಳಿದರು. ಕುದಿಯುವ ನೀರು ಸುರಿದರೆ ಕಹಿಯಾಗದೆ ಇನ್ನೇನು? 80 ಡಿಗ್ರಿಗೆ ಆರಿಸಿ, ಎರಡು ನಿಮಿಷಕ್ಕೆ ಸೋಸಿ ಕೊಟ್ಟೆ. ಈಗ ತಾವೇ ಕೇಳಿ ಕುಡಿಯುತ್ತಾರೆ, ಪದಬಂಧ ಹಿಡಿದು ಕೂರುತ್ತಾರೆ. ಜಪಾನಿನಲ್ಲಿ 70 ದಾಟಿದ ಸುಮಾರು ಸಾವಿರ ಜನರ ಮೇಲಿನ ಅಧ್ಯಯನ 2006ರಲ್ಲಿ ಬಂತು. ದಿನಕ್ಕೆ ಎರಡು ಕಪ್ ಇಲ್ಲವೇ ಜಾಸ್ತಿ ಕುಡಿಯುವವರಲ್ಲಿ ಬುದ್ಧಿ ಮಂಕಾದವರು ಕಡಿಮೆ.

ಲೆಕ್ಕದಮ್ಮ: ಅದು ಒಂದೇ ಸಲ ಕೇಳಿ ಬರೆದುಕೊಂಡ ಲೆಕ್ಕ. ತಲೆ ಚುರುಕಾಗಿರುವವರೇ ಜಾಸ್ತಿ ಟೀ ಕುಡಿಯುತ್ತಿರಬಹುದಲ್ವಾ? 2016ರಲ್ಲಿ ಪ್ರಕಟವಾದ ಇನ್ನೊಂದು ಜಪಾನಿ ಪ್ರಯೋಗದಲ್ಲಿ ವೃದ್ಧಾಶ್ರಮದ 33 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವರ್ಷವಿಡೀ ದಿನಾ 2 ಗ್ರಾಂ ಟೀ ಪುಡಿ, ಇನ್ನೊಂದಕ್ಕೆ ಸುಳ್ಳು ಪುಡಿ. ಬುದ್ಧಿ ಪರೀಕ್ಷೆಯ ಅಂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ.

ನಮ್ಮ ಭಾವ ಅತ್ತೆಗೆ ಗ್ರೀನ್ ಟೀ ಸಾರದ ಕ್ಯಾಪ್ಸೂಲ್ ತಂದರು, ಡಬ್ಬಿ ಮೇಲೆ ಡಬ್ಬಿ. ಹಸಿವು ಹೋಯಿತು, ಲಿವರ್ ಎಂಜೈಮ್ ಏರಿತು. ರಕ್ತ ಪರೀಕ್ಷೆ, ಸ್ಕ್ಯಾನ್, ತಜ್ಞರ ಫೀಸು, ಮತ್ತೆ ರಕ್ತ ಪರೀಕ್ಷೆ. ಬಿಲ್ಲೆಲ್ಲ ನಮ್ಮ ಪಾಲಿಗೆ, ಡಬ್ಬಿ ತಂದ ಹೆಸರು ಅವರಿಗೆ! ಇಂಥ ಮಾತ್ರೆಗಳಿಂದ ದಿನಕ್ಕೆ 800 ಮಿಲಿಗ್ರಾಂ ಇಲ್ಲವೇ ಜಾಸ್ತಿ ಇಜಿಸಿಜಿ (ಗ್ರೀನ್ ಟೀ ಎಲೆಯಲ್ಲಿರುವ ಮುಖ್ಯ ಸತ್ವ) ಹೋದರೆ ಲಿವರ್‌ಗೆ ತೊಂದರೆಯಾಗಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ.

ಕಹಿಗುಟುಕು: ನಾನು ಕ್ಯಾಪ್ಸೂಲ್ ಅಂದೆನಾ? ನಿಮ್ಮ ಭಾವನ ಮೇಲಿನ ಸಿಟ್ಟು ನನ್ನ ಮೇಲೆ ಯಾಕೆ?

ನಿದ್ದೆಗೆಟ್ಟವನು: ಸಂಜೆ ಕೊಟ್ಟು ನೋಡಿ, ಆಮೇಲೆ ಹೇಳಿ. ನಮ್ಮಮ್ಮ ನಡುರಾತ್ರಿ ಎದ್ದು ಬೀರುವಿನ ಬಟ್ಟೆಯೆಲ್ಲ ತೆಗೆದು ಮತ್ತೆ ಮಡಚುತ್ತಿದ್ದರು. ನಿದ್ದೆಯಿಲ್ಲದೆ ಮರುದಿನ ಮರೆವು ಇನ್ನೂ ಜಾಸ್ತಿ. ಊಟದ ಜೊತೆ ಕೊಟ್ಟರೆ ಮೈಗೆ ಕಬ್ಬಿಣಾಂಶ ಹಿಡಿಯುವುದು ಕಡಿಮೆಯಾಗುತ್ತದೆ, ಅದು ಬೇರೆ. ಕೊನೆಗೆ ಸಿಕ್ಕಿದ್ದು ಬಿ12 ಕೊರತೆ. ಇಂಜೆಕ್ಷನ್ ಶುರುವಾದ ಮೇಲೆ ಮೊಮ್ಮಕ್ಕಳನ್ನು ಹೆಸರು ಹಿಡಿದು ಕರೆದರು. ಅಷ್ಟು ದಿನ ಸುಮ್ನೆ ಎಲೆ ಸೋಸುತ್ತಾ ಕೂತಿದ್ದೆವು.

ಹಿರಿಮಗಳು: ಬಿಪಿ ಮಾತ್ರೆ ಜೊತೆ ಕೊಡಬಹುದಾ, ಯಾರೂ ಹೇಳಲಿಲ್ಲ.

ಲೆಕ್ಕದಮ್ಮ: ನಾಡೊಲಾಲ್ ಆದರೆ ಬೇಡ, ಮಾತ್ರೆ ಮೈಗೆ ಸೇರುವುದೇ ಕಡಿಮೆಯಾಗುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್ ಇದ್ದರೂ ಡಾಕ್ಟರನ್ನು ಕೇಳಿ. ಭಾವನನ್ನಲ್ಲ.

ಮಚ್ಚಾಪ್ರಿಯ: ಸೋಸಿದ ನೀರಲ್ಲಿ ಏನಿದೆ? ಗ್ರೀನ್ ಟೀ ಎಲೆಯನ್ನೇ ಬೀಸಿದ ಮಚ್ಚಾ ಪುಡಿಯಾದರೆ ಇಡೀ ಎಲೆ ಹೊಟ್ಟೆಗೆ ಹೋಗುತ್ತದೆ.

ಕಹಿಗುಟುಕು: ಕೆಫೀನೂ ಹೋಗುತ್ತದೆ. ಮೇಲೆ ನಿದ್ದೆಗೆಟ್ಟವರು ಬರೆದದ್ದು ಓದಿದಿರಾ?

ಮಚ್ಚಾಪ್ರಿಯ: ಎರಡು ನಿಮಿಷ ನೆನೆಸುವವರು ನನಗೆ ಕೆಫೀನ್ ಪಾಠ ಹೇಳಬೇಡಿ.