ನಾಲ್ಕು ತಿಂಗಳಲ್ಲಿ ಎರಡನೇ ಸಲ ಯೂರಿನ್ ಇನ್‌ಫೆಕ್ಷನ್. ನಾವು ಎಲ್ಲಿ ಎಡವುತ್ತಿದ್ದೇವೆ?

ಪುಟ್ಟಿ ಅಮ್ಮ, ವಿಜಯನಗರ

ನಮಸ್ಕಾರ. ಮಗಳಿಗೆ ಆರು ವರ್ಷ, ಒಂದನೇ ಕ್ಲಾಸು. ಮಾರ್ಚ್‌ನಲ್ಲಿ ಒಂದು ಸಲ, ಈಗ ಜುಲೈನಲ್ಲಿ ಇನ್ನೊಂದು ಸಲ ಯೂರಿನ್ ಇನ್‌ಫೆಕ್ಷನ್ ಆಗಿದೆ. ಒಂದು ವಾರದಿಂದ ಸರಿಯಾಗಿ ನಿದ್ದೆ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಾರ್ಚ್‌ನಲ್ಲಿ ಸ್ಕೂಲ್ ವ್ಯಾನ್ ಇಳಿದವಳೇ ಬಾತ್‌ರೂಮಿಗೆ ಓಡಿದಳು. "ಅಮ್ಮಾ, ಸುಸ್ಸು ಉರೀತಿದೆ" ಎಂದು ಅತ್ತಳು. ನಮ್ಮತ್ತೆ ಉಷ್ಣ ಆಗಿದೆ ಅಂದರು. ಬಿಸಿಲು ಹಾಗೇ ಇತ್ತು, ನನಗೂ ನಿಜ ಅನ್ನಿಸಿತು. ಎಳನೀರು, ಬಾರ್ಲಿ ನೀರು, ಕಾಮಕಸ್ತೂರಿ ಬೀಜ ನೆನೆಸಿದ ನೀರು, ಎಲ್ಲಾ ಕೊಟ್ಟೆವು. ಮೂರನೇ ರಾತ್ರಿ 103 ಡಿಗ್ರಿ ಜ್ವರ. ಮೈಯೆಲ್ಲ ನಡುಗುತ್ತಿತ್ತು, ವಾಂತಿ ಬೇರೆ. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಯೂರಿನ್ ಟೆಸ್ಟ್ ಮಾಡಿಸದೆ ಆಂಟಿಬಯಾಟಿಕ್ ಸಿರಪ್ ಬರೆದುಕೊಟ್ಟರು. ಹೇಗೋ ಕಡಿಮೆಯಾಯಿತು.

ಏಪ್ರಿಲ್, ಮೇ ಪೂರ್ತಿ ರಾಯಚೂರಿನಲ್ಲಿ ನಮ್ಮಮ್ಮನ ಮನೆಯಲ್ಲಿದ್ದಳು. ಏನೂ ತೊಂದರೆ ಇರಲಿಲ್ಲ.

ಈಗ ಮತ್ತೆ ಅದೇ ಜ್ವರ. ಈ ಸಲ ಬೇರೆ ಡಾಕ್ಟರ್ ಹತ್ತಿರ ಹೋದೆವು. ಔಷಧಿಗೆ ಮೊದಲೇ ಯೂರಿನ್ ಕಲ್ಚರ್ (ಮೂತ್ರದಲ್ಲಿರುವ ಕ್ರಿಮಿಯನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಟೆಸ್ಟ್) ಮಾಡಿಸಿದರು. ಇ. ಕೋಲೈ ಎಂಬ ಬ್ಯಾಕ್ಟೀರಿಯಾ, ಒಂದು ಮಿ.ಲೀ.ಗೆ 1 ಲಕ್ಷಕ್ಕೂ ಜಾಸ್ತಿ ಎಂದು ರಿಪೋರ್ಟ್ ಬಂತು. ಮಾರ್ಚ್‌ನಲ್ಲಿ ಕೊಟ್ಟಿದ್ದ ಔಷಧಿಯ ಹೆಸರಿನ ಮುಂದೆ 'ಆರ್' ಎಂದಿದೆ. ಸ್ಕ್ಯಾನಿಂಗ್‌ನಲ್ಲಿ ಎರಡೂ ಕಿಡ್ನಿ ಚೆನ್ನಾಗಿವೆ. ಆದರೂ ಎರಡು ಸಲ ಆಗಿರುವುದರಿಂದ ಎಂಸಿಯು ಎಂಬ ಎಕ್ಸ್‌ರೇ ಟೆಸ್ಟ್ ಮಾಡಿಸೋಣ ಅಂದಿದ್ದಾರೆ. ಟ್ಯೂಬ್ ಹಾಕುತ್ತಾರಂತೆ. ಕೇಳಿಯೇ ಕೈಕಾಲು ತಣ್ಣಗಾಯಿತು. ಬೇಕೇ ಬೇಕಾ ಅದು? ಯಾಕೆ ಮತ್ತೆ ಬಂತು?

ಇನ್ನೊಂದು ವಿಷಯ, ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ. ಸಂಜೆ ಚಡ್ಡಿ ಸ್ವಲ್ಪ ಒದ್ದೆ ಇರುತ್ತದೆ. ಮೂರು ದಿನಕ್ಕೊಮ್ಮೆ ಕಕ್ಕ ಮಾಡುತ್ತಾಳೆ, ಅದೂ ಗಟ್ಟಿ. ಸ್ಕೂಲಿಗೆ ಕಳಿಸಿದ ನೀರಿನ ಬಾಟಲಿ ಹೋದ ಹಾಗೇ ತುಂಬಿ ವಾಪಸ್ ಬರುತ್ತದೆ.

ಇಬ್ಬರು ಮಕ್ಕಳ ಅಪ್ಪ, ಆರ್.ಟಿ. ನಗರ

ಮೊದಲು ಧೈರ್ಯ ತಂದುಕೊಳ್ಳಿ. ನೀವು ಬರೆದದ್ದು ನಮ್ಮ ಮನೆಯ ಕಥೆಯೇ. ನನ್ನ ಮಗಳಿಗೆ ಈಗ ಒಂಬತ್ತು. ಐದರಿಂದ ಆರೂವರೆ ವರ್ಷದೊಳಗೆ ಅವಳಿಗೆ ನಾಲ್ಕು ಸಲ ಆಗಿತ್ತು. ನಾಲ್ಕೂ ಸಲ ನಾವು ಔಷಧಿ ನೋಡಿದೆವು, ಅವಳ ದಿನ ಹೇಗೆ ಕಳೆಯುತ್ತದೆ ಎಂದು ನೋಡಲಿಲ್ಲ.

"ಸಂಬಂಧ ಇದೆಯೋ ಇಲ್ಲವೋ" ಎಂದು ಕೊನೆಗೆ ಬರೆದಿದ್ದೀರಲ್ಲ, ನನಗೆ ಕಾಣುವುದು ಅಲ್ಲೇ. ತುಂಬಿದ ಬಾಟಲಿ, ಒದ್ದೆ ಚಡ್ಡಿ, ಮಲಬದ್ಧತೆ. ಉಷ್ಣದಿಂದಲೇ ಬರುವುದಾಗಿದ್ದರೆ ರಾಯಚೂರಿನ ಮೇ ಬಿಸಿಲಲ್ಲಿ ಬರಬೇಕಿತ್ತು ಅಲ್ವಾ? ಅಲ್ಲಿ ಬರಲಿಲ್ಲ. ಬಾಯಾರಿದಾಗ ನೀರು ಕುಡಿದಳು, ಬಂದಾಗ ಹೋದಳು. ಸ್ಕೂಲ್ ಶುರುವಾಯಿತು, ಅದೂ ಶುರುವಾಯಿತು.

ಮಕ್ಕಳ ಕಿಡ್ನಿ ಡಾಕ್ಟರ್ ನಮಗೆ ಬಿಡಿಸಿ ಹೇಳಿದ್ದು ಹೀಗೆ. ಇ. ಕೋಲೈ ಎಲ್ಲರ ಕರುಳಿನಲ್ಲೂ ಇರುತ್ತದೆ. ಹೆಣ್ಣುಮಕ್ಕಳ ಮೂತ್ರನಾಳ ಗಿಡ್ಡ, ಹಾಗಾಗಿ ಸುಲಭವಾಗಿ ಮೇಲೆ ಹತ್ತುತ್ತದೆ. ಆಗಾಗ ಸುಸ್ಸು ಮಾಡುತ್ತಿದ್ದರೆ ತೊಳೆದುಕೊಂಡು ಹೋಗುತ್ತದೆ. ಗಂಟೆಗಟ್ಟಲೆ ಕಟ್ಟಿಕೊಂಡರೆ ಅಲ್ಲೇ ಬೆಳೆಯುತ್ತದೆ. ಕರುಳಿನ ಕೊನೆಯಲ್ಲಿ ಗಟ್ಟಿ ಮಲ ಕೂತಿದ್ದರೆ ಅದು ಮೂತ್ರಕೋಶವನ್ನು ಒತ್ತುತ್ತದೆ, ಪೂರ್ತಿ ಖಾಲಿಯಾಗಲು ಬಿಡುವುದಿಲ್ಲ. ಅದಕ್ಕೇ ನಮಗೆ ಮೊದಲು ಮಲಬದ್ಧತೆಗೆ ಔಷಧಿ ಕೊಟ್ಟರು, ತಿಂಗಳುಗಟ್ಟಲೆ.

ನಮ್ಮವಳು ಒಂದು ಥರ ಕೂರುತ್ತಿದ್ದಳು. ಆಟದ ಮಧ್ಯೆ ತಟ್ಟನೆ ಕುಕ್ಕರುಗಾಲಲ್ಲಿ ಕೂತು, ಒಂದು ಹಿಮ್ಮಡಿಯನ್ನು ಕೆಳಗೆ ಒತ್ತಿಕೊಂಡು, ಮುಖ ಬಿಗಿ ಮಾಡಿ ಅರ್ಧ ನಿಮಿಷ ಅಲ್ಲಾಡದೆ ಇರುತ್ತಿದ್ದಳು. ಆಮೇಲೆ ಎದ್ದು ಮತ್ತೆ ಆಟ. ಅದೂ ಆಟವೇ ಎಂದುಕೊಂಡಿದ್ದೆವು. ಬಂದ ಸುಸ್ಸನ್ನು ತಡೆಯಲು ಮಕ್ಕಳು ಹಾಗೆ ಕೂರುತ್ತಾರೆ ಎಂದು ಡಾಕ್ಟರ್ ಹೇಳಿದಾಗ ಹೊಟ್ಟೆ ಚುರ್ ಅಂದಿತು. ನಿಮ್ಮ ಮಗಳನ್ನೂ ಗಮನಿಸಿ.

ಆ ದಿನ ರಾತ್ರಿ ಮಲಗಿಸುವಾಗ ಮೆಲ್ಲಗೆ ಕೇಳಿದೆ, ಸ್ಕೂಲಲ್ಲಿ ಯಾಕೆ ಹೋಗಲ್ಲ ಪುಟ್ಟ ಎಂದು. "ಚಿಲಕ ಎಟುಕಲ್ಲ ಅಪ್ಪ. ಬಾಗಿಲು ತಾನೇ ತೆಗೆದುಕೊಳ್ಳತ್ತೆ" ಅಂದಳು. ಇಷ್ಟೇ. ಬೆಳಿಗ್ಗೆ 7:20ಕ್ಕೆ ವ್ಯಾನ್ ಹತ್ತಿದರೆ ಹೆಬ್ಬಾಳದ ಟ್ರಾಫಿಕ್ ದಾಟಿ ಮನೆ ಸೇರುವಾಗ 4 ಗಂಟೆ. ಅಷ್ಟೂ ಹೊತ್ತು ಆ ಮಗು ಒಂದು ಚಿಲಕಕ್ಕೋಸ್ಕರ ಕಟ್ಟಿಕೊಂಡಿರುತ್ತಿತ್ತು. ಇವತ್ತು ನೆನೆದರೂ ಸಂಕಟವಾಗುತ್ತದೆ. ಮಾರನೇ ದಿನ ಕ್ಲಾಸ್ ಟೀಚರ್ ಹತ್ತಿರ ಮಾತಾಡಿದೆ. ಆ ವಾರವೇ ಕೆಳಗೊಂದು ಚಿಲಕ ಹಾಕಿಸಿದರು. ಕೇಳದೆಯೇ ಹೋಗಬಹುದು ಅಂದರು. ಆಯಾ ಹತ್ತೂವರೆಗೆ, ಹನ್ನೆರಡೂವರೆಗೆ ನೆನಪಿಸುತ್ತಿದ್ದರು. ಡಾಕ್ಟರ್ ಚೀಟಿ ಇದ್ದರೆ ಮಾತು ಬೇಗ ನಡೆಯುತ್ತದೆ, ಬರೆಸಿಕೊಳ್ಳಿ.

ಮನೆಯಲ್ಲಿ ಕಮೋಡ್ ಮೇಲೆ ಕೂತರೆ ಕಾಲು ನೇತಾಡುತ್ತಿತ್ತು. ಕಾಲಿಗೆ ಆಸರೆ ಇಲ್ಲದಿದ್ದರೆ ಕೆಳಹೊಟ್ಟೆಯ ಸ್ನಾಯು ಸಡಿಲ ಆಗುವುದಿಲ್ಲವಂತೆ. ದೇವರ ಮನೆ ಪಕ್ಕ ಸುಮ್ನೆ ಬಿದ್ದಿದ್ದ ಮರದ ಮಣೆಯನ್ನು ತಂದು ಪಾದದ ಕೆಳಗೆ ಇಟ್ಟೆವು. ಚಡ್ಡಿ ಪೂರ್ತಿ ಕೆಳಗಿಳಿಸಿ, ಮಂಡಿ ಅಗಲಿಸಿ ಕೂರಬೇಕು. ಒಂದು ಸಲ ಆದ ಮೇಲೆ ಇಪ್ಪತ್ತರವರೆಗೆ ಎಣಿಸಿ ಇನ್ನೊಂದು ಸಲ ಪ್ರಯತ್ನಿಸಬೇಕು. ತೊಳೆಯುವುದು ಮುಂದಿನಿಂದ ಹಿಂದಕ್ಕೆ.

ಒಂದು ಅಳತೆ ಕಪ್ ತನ್ನಿ. ಮಗುವಿನ ವಯಸ್ಸಿಗೆ 2 ಕೂಡಿಸಿ 30ರಿಂದ ಗುಣಿಸಿದರೆ ಮೂತ್ರಕೋಶ ಸುಮಾರು ಎಷ್ಟು ಮಿ.ಲೀ. ಹಿಡಿಯುತ್ತದೆ ಎಂದು ತಿಳಿಯುತ್ತದೆ. ನಿಮ್ಮವಳಿಗೆ 240. ರಜೆಯ ಒಂದು ದಿನ, ಸ್ಕೂಲಿನ ಒಂದು ದಿನ ಅಳೆದು ಬರೆದಿಡಿ.

ಎಂಸಿಯು ಬಗ್ಗೆ. ಮತ್ತೆ ಮತ್ತೆ ಬಂದಾಗ ಮಾಡಿಸುವ ಟೆಸ್ಟೇ ಅದು, ನಿಮ್ಮ ಡಾಕ್ಟರ್ ಕೇಳಿದ್ದು ತಪ್ಪಲ್ಲ. ಮೂತ್ರ ಕಿಡ್ನಿ ಕಡೆಗೆ ವಾಪಸ್ ಹರಿಯುತ್ತದೆಯಾ ಎಂದು ನೋಡುತ್ತಾರೆ. ಸ್ಕ್ಯಾನಿಂಗ್ ನಾರ್ಮಲ್ ಇದ್ದರೂ ಈ ತೊಂದರೆ ಇರಬಹುದು. ಸಣ್ಣ ಟ್ಯೂಬಿನಿಂದ ಮೂತ್ರಕೋಶಕ್ಕೆ ಡೈ ತುಂಬಿ, ಮಗು ಸುಸ್ಸು ಮಾಡುವಾಗ ಎಕ್ಸ್‌ರೇ ತೆಗೆಯುತ್ತಾರೆ. ಇನ್‌ಫೆಕ್ಷನ್ ಪೂರ್ತಿ ಹೋದ ಮೇಲೆಯೇ ಮಾಡುವುದು. 1ರಿಂದ 5ರವರೆಗೆ ಗ್ರೇಡ್ ಇರುತ್ತದೆ. ನಮ್ಮವಳಿಗೆ ಗ್ರೇಡ್ 2 ಇತ್ತು. ಕಡಿಮೆ ಗ್ರೇಡ್ ಆದರೆ ಬೆಳೆಯುತ್ತಾ ತಾನಾಗೇ ಸರಿಹೋಗುವುದೇ ಜಾಸ್ತಿ. ಒಂದು ವರ್ಷ ರಾತ್ರಿ ಸಣ್ಣ ಡೋಸ್ ಔಷಧಿ ಕೊಟ್ಟೆವು. ಆರು ತಿಂಗಳ ಮೇಲೆ ಡಿಎಂಎಸ್‌ಎ ಸ್ಕ್ಯಾನ್ ಮಾಡಿಸಿದಾಗ ಕಿಡ್ನಿಯಲ್ಲಿ ಗಾಯದ ಕಲೆ ಇರಲಿಲ್ಲ. ಎರಡೂವರೆ ವರ್ಷದಿಂದ ಇನ್‌ಫೆಕ್ಷನ್ ಇಲ್ಲ. ಇನ್ನೊಬ್ಬರ ಅಭಿಪ್ರಾಯ ಬೇಕಿದ್ದರೆ ನಿಮ್ಹಾನ್ಸ್ ಹತ್ತಿರದ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಅಥವಾ ಸೇಂಟ್ ಜಾನ್ಸ್‌ನಲ್ಲಿ ಮಕ್ಕಳ ಕಿಡ್ನಿ ತಜ್ಞರನ್ನು ಕೇಳಿ.

ಲ್ಯಾಬ್ ಕೆಲಸದವಳು, ಯಶವಂತಪುರ

'ಆರ್' ಎಂದರೆ ಆ ಕ್ರಿಮಿ ಆ ಔಷಧಿಗೆ ಬಗ್ಗುವುದಿಲ್ಲ ಎಂದು ಅರ್ಥ. ಅದಕ್ಕೇ ಉಳಿದ ಸಿರಪ್ ಎತ್ತಿಟ್ಟು ಮುಂದಿನ ಜ್ವರಕ್ಕೆ ಕುಡಿಸಬೇಡಿ.

ಸ್ಯಾಂಪಲ್ ಬಗ್ಗೆ ಎರಡು ಮಾತು. ದಿನವೂ ನೋಡುತ್ತೇನೆ, ತಂದೆತಾಯಿ ಪಾಪ ಅಷ್ಟು ಕಷ್ಟಪಟ್ಟು ತರುತ್ತಾರೆ, ಡಬ್ಬಿ ಮಾತ್ರ ಸ್ಕೂಟರ್ ಡಿಕ್ಕಿಯಲ್ಲಿ ಎರಡು ಗಂಟೆ ಬಿಸಿಲಲ್ಲಿ ಕುದ್ದಿರುತ್ತದೆ. ಬೆಚ್ಚಗಿನ ಜಾಗದಲ್ಲಿ ಇ. ಕೋಲೈ ಸುಮಾರು 20 ನಿಮಿಷಕ್ಕೆ ಎರಡರಷ್ಟಾಗುತ್ತದೆ. ಹತ್ತು ಇದ್ದದ್ದು ಎಷ್ಟಾಗಬಹುದು, ಲೆಕ್ಕ ಹಾಕಿ. ಒಂದು ಗಂಟೆಯೊಳಗೆ ತಲುಪಿಸಿ. ಆಗದಿದ್ದರೆ ಫ್ರಿಜ್‌ನಲ್ಲಿ ಇಟ್ಟು, ಐಸ್ ಜೊತೆ ತನ್ನಿ. ಬರೀ ನೀರಲ್ಲಿ ತೊಳೆಯಿರಿ, ಡೆಟಾಲ್ ಬೇಡ. ಮೊದಲ ಧಾರೆ ಬಿಟ್ಟು ಮಧ್ಯದ್ದನ್ನು ಹಿಡಿಯಿರಿ. ಮುಚ್ಚಳದ ಒಳಗೆ ಬೆರಳು ತಾಗಬಾರದು. ಆಂಟಿಬಯಾಟಿಕ್‌ನ ಮೊದಲ ಡೋಸ್‌ಗೆ ಮುಂಚೆ ಹಿಡಿಯುವುದು ಎಲ್ಲಕ್ಕಿಂತ ಮುಖ್ಯ. ಆಮೇಲೆ ಹಿಡಿದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೇ ಇರಬಹುದು.

ಪುಟ್ಟ ಕೂಸುಗಳಿಗೆ ಅಂಟಿಸುವ ಬ್ಯಾಗ್‌ನಲ್ಲಿ ಚರ್ಮದ ಕ್ರಿಮಿಯೂ ಸೇರುತ್ತದೆ. ಅದರಲ್ಲಿ ಪಾಸಿಟಿವ್ ಬಂದರೆ ನಂಬುವ ಹಾಗಿಲ್ಲ. ಡಾಕ್ಟರ್ ಟ್ಯೂಬಿನಿಂದ ತೆಗೆಯೋಣ ಅಂದರೆ ದಯವಿಟ್ಟು ಒಪ್ಪಿಕೊಳ್ಳಿ.

ಅಜ್ಜಿ, ಬಸವನಗುಡಿ

ನಾನೂ ಉಷ್ಣ ಅಂದವಳೇ ತಾಯಿ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಮೊಮ್ಮಗನಿಗೆ ಆಗ ಐದು ತಿಂಗಳು. ಉರಿಯುತ್ತದೆ ಎಂದು ಹೇಳಲು ಬಾಯಿ ಇಲ್ಲ. ಬರೀ ಜ್ವರ, ಹಾಲು ಕುಡಿಯುತ್ತಿರಲಿಲ್ಲ, ತೂಕ ಏರುತ್ತಿರಲಿಲ್ಲ. ಸುಸ್ಸು ಧಾರೆಯಾಗಿ ಬರದೆ ಹನಿ ಹನಿ ಬೀಳುತ್ತಿತ್ತು. ನಾನು ಎಣ್ಣೆ ಹಚ್ಚುವಾಗ ದಿನಾ ನೋಡಿದ್ದೆ, ಯಾರಿಗೂ ಹೇಳಲಿಲ್ಲ. ಮೂತ್ರದ ದಾರಿಯಲ್ಲಿ ಹುಟ್ಟಿನಿಂದಲೇ ಒಂದು ಪೊರೆ ಅಡ್ಡ ಇತ್ತು. ದುರ್ಬೀನು ಹಾಕಿ ಅದನ್ನು ತೆಗೆದರು. ಈಗ ಸ್ಕೂಲಿಗೆ ಹೋಗುತ್ತಾನೆ, ವರ್ಷಕ್ಕೆರಡು ಸಲ ಕಿಡ್ನಿ ಪರೀಕ್ಷೆ ಇದೆ. ಗಂಡು ಕೂಸಿನ ಧಾರೆ ಸಣ್ಣಗಿದ್ದರೆ ಅದೇ ದಿನ ಡಾಕ್ಟರ್‌ಗೆ ಹೇಳಿ. ಎಳನೀರು ಕೊಡಿ, ಬೇಡ ಅನ್ನುವುದಿಲ್ಲ. ಆಸ್ಪತ್ರೆಗೆ ಹೋಗಿ ಬಂದ ಮೇಲೆ ಕೊಡಿ.

ಪುಟ್ಟಿ ಅಮ್ಮ, ವಿಜಯನಗರ

ಎಲ್ಲರಿಗೂ ಕೈ ಮುಗಿಯುತ್ತೇನೆ. ಹನ್ನೆರಡು ದಿನ ಆಯಿತು, ಔಷಧಿ ಮುಗಿದಿದೆ, ಜ್ವರ ಇಲ್ಲ.

ಅಳತೆ ಮಾಡಿದೆ. ಭಾನುವಾರ ಆರು ಸಲ ಹೋದಳು, 150, 180 ಹೀಗೆ. ಸೋಮವಾರ ಬೆಳಿಗ್ಗೆ 6:45ಕ್ಕೆ ಒಂದು ಸಲ, ಆಮೇಲೆ ಸಂಜೆ 4:10ಕ್ಕೆ. ಮಧ್ಯೆ ಇಲ್ಲ. ಸಂಜೆ ಅಳತೆ ಕಪ್ ತುಂಬಿ ಇನ್ನೊಂದು ಕಪ್ ಹಿಡಿಯಬೇಕಾಯಿತು. ಒಟ್ಟು 380. ಬಾತ್‌ರೂಮಿನ ನೆಲದಲ್ಲೇ ಕೂತು ಅತ್ತುಬಿಟ್ಟೆ.

ಮೆಲ್ಲಗೆ ಕೇಳಿದೆ. "ಕೈ ಎತ್ತಿದ್ರೆ ಎಲ್ರೂ ನನ್ನೇ ನೋಡ್ತಾರೆ" ಅಂದಳು. ನೀರು ಕುಡಿದರೆ ಹೋಗಬೇಕಾಗುತ್ತದಲ್ಲ, ಅದಕ್ಕೆ ನೀರೇ ಕುಡಿಯುತ್ತಿರಲಿಲ್ಲ. ಟೀಚರ್ ಹತ್ತಿರ ಮಾತಾಡಿದ್ದೇನೆ. ಈಗ ಕೈ ಎತ್ತುವುದು ಬೇಡ, ಡೆಸ್ಕ್ ಮೇಲೆ ಹಳದಿ ಪೆನ್ಸಿಲ್ ಬಾಕ್ಸ್ ನಿಲ್ಲಿಸಿ ಹೋಗಿಬರುತ್ತಾಳೆ. ಅತ್ತೆಯೇ ಈಗ ಪಪ್ಪಾಯ ಹೆಚ್ಚಿ ಕೊಡುತ್ತಾರೆ, ಮಣೆ ಇಡುತ್ತಾರೆ.

ಎಂಸಿಯು ಮುಂದಿನ ಗುರುವಾರ. ಒಪ್ಪಿಕೊಂಡೆವು. ಒಳಗೆ ನನ್ನನ್ನು ಜೊತೆಗಿರಲು ಬಿಡುತ್ತಾರಾ?

ಇಬ್ಬರು ಮಕ್ಕಳ ಅಪ್ಪ, ಆರ್.ಟಿ. ನಗರ

ನನ್ನನ್ನು ಬಿಟ್ಟರು. ಸೀಸದ ಏಪ್ರನ್ ಹಾಕಿಕೊಂಡು ಕೈ ಹಿಡಿದು ನಿಂತಿದ್ದೆ. ಮೊದಲೇ ಕೇಳಿಟ್ಟುಕೊಳ್ಳಿ. ಏನು ಮಾಡುತ್ತಾರೆ ಎಂದು ಅವಳಿಗೆ ಮುಂಚೆಯೇ ನಿಜ ಹೇಳಿ, ನೋಯುವುದೇ ಇಲ್ಲ ಅನ್ನಬೇಡಿ. ಟೇಬಲ್ ಮೇಲೇ ಸುಸ್ಸು ಮಾಡಬೇಕಾಗುತ್ತದೆ, ಮಕ್ಕಳಿಗೆ ನಾಚಿಕೆ ಜಾಸ್ತಿ, ಅದನ್ನೂ ಹೇಳಿಡಿ. ಒಂದು ಜೊತೆ ಬಟ್ಟೆ ತೆಗೆದುಕೊಂಡು ಹೋಗಿ. ಮನೆಗೆ ಬಂದ ಮೇಲೆ ಒಂದೆರಡು ಸಲ ಸ್ವಲ್ಪ ಉರಿಯಬಹುದು, ನೀರು ಕುಡಿಸಿ. ಜ್ವರ ಬಂದರೆ ಮಾತ್ರ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಡಾಕ್ಟರ್‌ಗೆ ಫೋನ್ ಮಾಡಿ.