ಫೈಟೋಲಿತ್‌ಗೆ ಕನ್ನಡದಲ್ಲಿ ಏನನ್ನೋಣ?

ಗದಗ ಕಡೆಯ ಹೈಸ್ಕೂಲ್ ಮಕ್ಕಳಿಗೆ ಎರಿ ಮಣ್ಣಿನ ಬಗ್ಗೆ ಒಂದು ಪಾಠ ಬರೆಯುತ್ತಿದ್ದೇನೆ. ಫೈಟೋಲಿತ್ ಅನ್ನೋ ಪದದ ಹತ್ತಿರ ಬಂದು ನಿಂತಿದ್ದೇನೆ. ಫೈಟೋಲಿತ್ ಅಂದರೆ ಸಸ್ಯದ ಜೀವಕೋಶದಲ್ಲಿ ಗಟ್ಟಿಯಾಗುವ ಸಿಲಿಕಾದ (ಮರಳಿನಲ್ಲಿ ಹೆಚ್ಚಾಗಿರುವ ವಸ್ತು) ಸೂಕ್ಷ್ಮ ಕಣ. 'ಸಸ್ಯ ಪಳೆಯುಳಿಕೆ' ಅಂತ ಬರೆದರೆ ಸಾಕು ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ.

ಪಳೆಯುಳಿಕೆ ಅಂದ ಕೂಡಲೇ ಸತ್ತ ಮೇಲೆ ಕಲ್ಲಾದದ್ದು ಅಂತ ಮಕ್ಕಳು ತಿಳಿಯುತ್ತಾರೆ. ಫೈಟೋಲಿತ್ ಬೆಳೆ ಹಸಿರಾಗಿರುವಾಗಲೇ ಆಗುವಂಥದ್ದು. ಮಣ್ಣಿನ ನೀರಲ್ಲಿ ಕರಗಿದ ಸಿಲಿಕಾವನ್ನು ಬೇರು ಹೀರುತ್ತದೆ. ನೀರು ಎಲೆಯಿಂದ ಆರಿಹೋಗುತ್ತದೆ, ಸಿಲಿಕಾ ಜೀವಕೋಶದಲ್ಲಿ ಗಟ್ಟಿಯಾಗಿ ಕೂರುತ್ತದೆ. ಜೋಳದ ಹೊಲದಲ್ಲಿ ಎಲೆಯ ಅಂಚು ಕೈ ಗೀರುತ್ತದಲ್ವಾ, ಅದಕ್ಕೆ ಈ ಸಿಲಿಕಾ ಒಂದು ಕಾರಣ. ಕಣಿಕೆ ಕೊಳೆತರೂ, ಸುಟ್ಟು ಬೂದಿಯಾದರೂ ಕಣ ಉಳಿಯುತ್ತದೆ. ಅದೂ ಕೋಶದ ಆಕಾರದ ಸಮೇತ. ಜೋಳದ ಎಲೆಯಲ್ಲಿ ಡಂಬೆಲ್ ಆಕಾರದವು ಜಾಸ್ತಿ, ಕರಿಕೆಯಲ್ಲಿ ಕುದುರೆ ಜೀನಿನ ಆಕಾರದವು. ಭತ್ತದ ಎಲೆಯಲ್ಲಿ ಬೀಸಣಿಕೆ ಆಕಾರದವೂ ಸಿಗುತ್ತವೆ. ಮಣ್ಣಿನ ಪ್ರತಿ ಪದರದಲ್ಲಿ ಯಾವುದು ಎಷ್ಟು ಅಂತ ಎಣಿಸಿ, ಆಗ ಅಲ್ಲಿ ಎಂಥ ಹುಲ್ಲಿತ್ತು, ಏನು ಬೆಳೆಯುತ್ತಿದ್ದರು ಅಂತ ಅಂದಾಜು ಮಾಡುತ್ತಾರೆ.

ಪರಾಗದಿಂದಲೂ ಹಳೆಯ ಕಾಡು, ಹುಲ್ಲುಗಾವಲು ಗುರುತಿಸುತ್ತಾರೆ. ಅದಕ್ಕೆ ಪದ ಇದೆ. ಆದರೆ ಪರಾಗ ಚೆನ್ನಾಗಿ ಉಳಿಯುವುದು ಕೆರೆಯ ತಳ, ಜೌಗಿನಂಥ ಗಾಳಿಯಾಡದ ಕೆಸರಿನಲ್ಲಿ. ನಮ್ಮ ಎರಿ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಾಗಿ ಸುಣ್ಣದ ಅಂಶ ಇರುವ ಮಣ್ಣು. ಅಲ್ಲಿ ಪರಾಗ ಬೇಗ ಹಾಳಾಗುತ್ತದೆ, ಫೈಟೋಲಿತ್ ತಾಳುತ್ತದೆ. (ಬಿರುಕಿನೊಳಗೆ ಮೇಲಿನ ಮಣ್ಣು ಬಿದ್ದು ಪದರಗಳು ಬೆರೆತುಹೋಗುವ ತೊಂದರೆ ಮಾತ್ರ ಇದ್ದೇ ಇದೆ.) ಅಂದರೆ ಈ ಭಾಗಕ್ಕೆ ಜಾಸ್ತಿ ಬೇಕಾದದ್ದಕ್ಕೇ ಕನ್ನಡದಲ್ಲಿ ಸರಿಯಾದ ಹೆಸರಿಲ್ಲ! ಹಾವೇರಿ ಜಿಲ್ಲೆಯ ಹಳ್ಳೂರಿನಂಥ ನವಶಿಲಾಯುಗದ ನೆಲೆಗಳ ಬೇಸಾಯದ ಬಗ್ಗೆ ಬರೆಯುವವರಿಗೂ ಇದು ಬೇಕಾಗುತ್ತದೆ.

'ಗಿಡಗಲ್ಲು' ಅಂತ ಯೋಚಿಸಿದೆ. ಆದರೆ ಧಾರವಾಡ ಕಡೆ ಗಿಡ ಅಂದರೆ ಮರವೂ ಹೌದು. ಮಾವಿನ ಗಿಡ, ಬೇವಿನ ಗಿಡ ಅಂತೇವೆ. ಇದು ತುಂಬಾ ಸಿಗುವುದು ಹುಲ್ಲಿನ ಜಾತಿಯಲ್ಲಿ. 'ಸಸ್ಯಹರಳು' ಕಿವಿಗೆ ಚೆಂದ, ಅರ್ಥಕ್ಕೆ ಸರಿಯಿಲ್ಲ. ಹರಳು ಅಂದರೆ ಒಳಗಿನ ಜೋಡಣೆ ಕ್ರಮವಾಗಿರಬೇಕು, ಈ ಸಿಲಿಕಾದಲ್ಲಿ ಅದಿಲ್ಲ. ಕೆಸುವಿನ ಎಲೆ ತಿಂದಾಗ ಬಾಯಿ ತುರಿಸುತ್ತದಲ್ಲ, ಅದಕ್ಕೆ ಕಾರಣವಾದ ಸೂಜಿಗಳೇ ನಿಜವಾದ ಹರಳು. ಅವು ಸುಣ್ಣದ ಜಾತಿಯವು, ಬೇರೆಯೇ ವಸ್ತು. ಎರಡಕ್ಕೂ ಒಂದೇ ಹೆಸರಿಟ್ಟರೆ ಮುಂದೆ ಗೋಜಲು.

ಸದ್ಯಕ್ಕೆ 'ಎಲೆಗಾಜು' ಕಡೆ ಒಲವಿದೆ. ಗಾಜಿನಲ್ಲೂ ಹರಳಿನ ಜೋಡಣೆ ಇರುವುದಿಲ್ಲ, ಅದೂ ಸಿಲಿಕಾದ್ದೇ. ಆದರೆ ಭತ್ತದ ಹೊಟ್ಟಿನಲ್ಲೂ ಇದು ಬೇಕಾದಷ್ಟಿದೆ, 'ಎಲೆ' ಅಂದರೆ ಅದು ಹೊರಗುಳಿಯುತ್ತದೆ. 'ಸಸ್ಯಗಾಜು' ಆದೀತೇ? ಜೋಳದ ಎಲೆಯ ಆ ಕೊಯ್ಯುವ ಅಂಚಿಗೆ, ಆ ಗರಗಸದಂಥ ಮೈಗೆ ನಿಮ್ಮೂರಿನ ರೈತರು ಬಳಸುವ ಮಾತೇನಾದರೂ ಇದೆಯೇ? ಇದ್ದರೆ ಊರಿನ ಹೆಸರಿನ ಜೊತೆ ತಿಳಿಸಿ.