ಕಷ್ಟದಲ್ಲಿರುವ ಮಕ್ಕಳಿಗೆ ಭಗವದ್ಗೀತೆಯನ್ನು ಹೇಗೆ ತಲುಪಿಸೋದು?

ಹೊಂಬಾಳೆ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಹದಿನಾರು. ಹುಟ್ಟಿ ಬೆಳೆದಿದ್ದೆಲ್ಲ ಇಲ್ಲೇ, ಹೊರನಾಡಲ್ಲೇ. ಕನ್ನಡ ಮಾತಾಡ್ತಾಳೆ, ಓದೋಕೆ ಬರಲ್ಲ. ಪರೀಕ್ಷೆಯ ಫಲಿತಾಂಶ ಅಂದುಕೊಂಡ ಹಾಗೆ ಬರಲಿಲ್ಲ ಅಂತ ರೂಮ್ ಬಿಟ್ಟು ಆಚೆ ಬರ್ತಿಲ್ಲ. "ಕರ್ಮಣ್ಯೇವಾಧಿಕಾರಸ್ತೇ", ಕೆಲಸ ಮಾಡೋದಷ್ಟೇ ನಿನ್ನದು, ಫಲ ನಿನ್ನ ಕೈಲಿಲ್ಲ ಅಂತ ಧೈರ್ಯ ಹೇಳಿದ್ರೆ "ಹಾಗಿದ್ರೆ ಮಾರ್ಕ್ಸ್ ಎಷ್ಟು ಅಂತ ಯಾಕೆ ಕೇಳಿದ್ರಿ?" ಅಂತಾಳೆ. ಎಲ್ಲಿಂದ ಶುರು ಮಾಡ್ಲಿ? ಯಾವ ಅಧ್ಯಾಯ, ದಿನಕ್ಕೆ ಎಷ್ಟು ಶ್ಲೋಕ? ಗೊತ್ತಿರೋರು ದಯವಿಟ್ಟು ಹೇಳಿ.

ಸಂಪಿಗೆಮರ:
ಅಕ್ಕ, 12ನೇ ಅಧ್ಯಾಯ ಮಾಡಿಸಿ. ಇರೋದೇ 20 ಶ್ಲೋಕ, ಬಾಯಿಪಾಠಕ್ಕೆ ಸುಲಭ. ನಮ್ಮ ವಾರದ ತರಗತಿಯ ಮಕ್ಕಳು ಪುಸ್ತಕ ನೋಡದೆ ಹೇಳ್ತಾರೆ, ಕೇಳೋಕೆ ಎಷ್ಟು ಚೆನ್ನಾಗಿರುತ್ತೆ ಗೊತ್ತಾ!

ತುಂಗಾತೀರ:
ಹೊಂಬಾಳೆಯವರೇ, ಮಗಳ ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರವೂ ಆ ಶ್ಲೋಕದಲ್ಲೇ ಇದೆ. 2.47ಕ್ಕೆ, ಅಂದರೆ ಎರಡನೇ ಅಧ್ಯಾಯದ 47ನೇ ಶ್ಲೋಕಕ್ಕೆ, ನಾಲ್ಕು ಪಾದ (ಭಾಗ). ಬಹಳ ಜನ ಮೊದಲೆರಡನ್ನು ಹೇಳಿ ನಿಲ್ಲಿಸುತ್ತಾರೆ. ನಾಲ್ಕನೆಯದು "ಮಾ ತೇ ಸಂಗೋಽಸ್ತ್ವಕರ್ಮಣಿ", ಕೆಲಸ ಬಿಟ್ಟು ಕೂರುವುದಕ್ಕೂ ಅಂಟಿಕೊಳ್ಳಬೇಡ ಅಂತ. ಅದನ್ನು ಬಿಟ್ಟರೆ ಉಳಿಯುವುದು ಒಣ ಸಮಾಧಾನ. 2.48ನ್ನೂ ಜೊತೆಗೇ ಓದಬೇಕು: ಸಿದ್ಧಿಯಾಗಲಿ ಅಸಿದ್ಧಿಯಾಗಲಿ ಸಮನಾಗಿದ್ದು ಕೆಲಸ ಮಾಡು, ಆ ಸಮತ್ವವೇ ಯೋಗ. ಅಂಕ ನೋಡಿ ಓದುವ ರೀತಿಯನ್ನು ತಿದ್ದಿಕೊಳ್ಳುವುದು ಕರ್ಮಕ್ಕೇ ಸೇರಿದ್ದು. ಅದೇ ಅಂಕದಿಂದ ಮಗುವಿನ ಬೆಲೆ ಕಟ್ಟಿದರೆ ಫಲಸಂಗ, ಫಲಕ್ಕೆ ಅಂಟಿಕೊಂಡ ಹಾಗೆ. ಅವಳಿಗೆ ಇದನ್ನು ನೇರವಾಗಿ ಹೇಳಬಹುದು.

ಆದರೆ ಈಗಲೇ 2.47 ಬೇಡ. ಗೀತೆಯ ಕ್ರಮವನ್ನೇ ಹಿಡಿಯಿರಿ. 1.28ರಿಂದ 30 ಓದಿ: ಕೈಕಾಲು ಸೋಲುತ್ತಿವೆ, ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ಗಾಂಡೀವ ಕೈಯಿಂದ ಜಾರುತ್ತಿದೆ, ನಿಲ್ಲೋಕೂ ಆಗುತ್ತಿಲ್ಲ, ಮನಸ್ಸು ಸುತ್ತುತ್ತಿದೆ. ಅರ್ಜುನನಂಥ ಬಿಲ್ಲುಗಾರನ ಸ್ಥಿತಿ ಇದು. ಮೊದಲ ಅಧ್ಯಾಯದಲ್ಲಿ ಕೃಷ್ಣ ಆಡುವುದು 1.25ರಲ್ಲಿ ಒಂದೇ ಮಾತು. ಅರ್ಜುನನ ಅಳಲು ಮುಗಿಯುವ ತನಕ ಮತ್ತೆ ಬಾಯಿ ತೆರೆಯುವುದಿಲ್ಲ. 2.3ರಲ್ಲಿ "ಹೃದಯದೌರ್ಬಲ್ಯ ಬಿಟ್ಟು ಏಳು" ಅಂತ ಗದರುತ್ತಾನೆ. ಅರ್ಜುನ ಏಳುವುದಿಲ್ಲ. 2.7ರಲ್ಲಿ "ನಿನ್ನ ಶಿಷ್ಯ ನಾನು, ದಾರಿ ಹೇಳು" ಅಂತ ತಾನಾಗಿ ಕೇಳುತ್ತಾನೆ. ಉಪದೇಶ ಶುರುವಾಗುವುದು 2.11ಕ್ಕೆ. ಮನೆಗಳಲ್ಲಿ ಎಡವುವುದು ಇಲ್ಲೇ: 2.3 ಹೇಳಿ, ಅದೇ ಉಪದೇಶ ಅಂದುಕೊಂಡುಬಿಡುತ್ತೇವೆ. ಮಗಳು 2.7ಕ್ಕೆ ಬರುವವರೆಗೆ ನೀವು ಕೇಳಿಸಿಕೊಳ್ಳುತ್ತಾ ಇರಬೇಕು, ಅಷ್ಟೇ.

ಅವಳ ಭಯಕ್ಕೆ ಹತ್ತಿರವಾದದ್ದು 6.37ರಿಂದ 40. ಶ್ರದ್ಧೆ ಇದ್ದೂ ನಡುದಾರಿಯಲ್ಲಿ ಜಾರಿದವನು ಛಿದ್ರವಾದ ಮೋಡದ ಹಾಗೆ ಎರಡೂ ಕಡೆ ಇಲ್ಲದೆ ಹೋಗುವುದಿಲ್ಲವೇ ಅಂತ ಅರ್ಜುನನೇ ಕೇಳುತ್ತಾನೆ. ಒಳ್ಳೆಯದನ್ನು ಮಾಡಿದವರು ಯಾರೂ ದುರ್ಗತಿಗೆ ಹೋಗುವುದಿಲ್ಲ ಅನ್ನುವುದು 40ರ ಉತ್ತರ. ಮೂಲದಲ್ಲಿ ಇದು ಯೋಗಭ್ರಷ್ಟನ, ಅಂದರೆ ಯೋಗಸಾಧನೆಯ ನಡುವೆ ಜಾರಿದವನ, ಬಗ್ಗೆ ಹೇಳಿದ ಮಾತು, ಪರೀಕ್ಷೆಗೆ ನಾವು ಹೊಂದಿಸಿಕೊಳ್ಳುತ್ತಿದ್ದೇವೆ ಅಂತಲೂ ಅವಳಿಗೆ ತಿಳಿಸಿ. ಮುಚ್ಚಿಟ್ಟರೆ ಮುಂದೊಂದು ದಿನ ತಾನೇ ಓದಿ, ಅಪ್ಪ ಅಮ್ಮ ಬೇಕಾದ ಹಾಗೆ ತಿರುಚಿದ್ದರು ಅಂದುಕೊಳ್ಳುತ್ತಾಳೆ.

ಓದುವ ಕ್ರಮ ಹೀಗಿರಲಿ. ವಾರಕ್ಕೆ ಒಂದೇ ಶ್ಲೋಕ, ದಿನಕ್ಕೆ ಹತ್ತು ನಿಮಿಷ. ಮೊದಲ ದಿನ ಧ್ವನಿಮುದ್ರಣ ಕೇಳಿ, ಪಾದ ಪಾದವಾಗಿ ಹೇಳುವುದು. ಅನುಷ್ಟುಪ್ ಛಂದಸ್ಸಿನ ಶ್ಲೋಕ ಆದರೆ ಪಾದಕ್ಕೆ 8 ಅಕ್ಷರ, ಒಟ್ಟು 32, ಒಂದೇ ಸಲಕ್ಕೆ ಕೂರುತ್ತದೆ. ಎರಡನೇ ದಿನ ಪದ ಬಿಡಿಸಿ ಅನ್ವಯ, ಅಂದರೆ ಪದಗಳನ್ನು ಗದ್ಯದ ಕ್ರಮದಲ್ಲಿ ಜೋಡಿಸುವುದು. ಮೂರನೇ ದಿನ ಹಿಂದಿನ ಎರಡು, ಮುಂದಿನ ಎರಡು ಶ್ಲೋಕದ ಅರ್ಥ, ಯಾರು ಯಾರಿಗೆ ಯಾವಾಗ ಹೇಳಿದ್ದು ಗೊತ್ತಾಗಲಿ ಅಂತ. ನಾಲ್ಕನೇ ದಿನ ಅವಳಿಗೆ ಸಲೀಸಾದ ಭಾಷೆಯಲ್ಲಿ ಎರಡು ವಾಕ್ಯ ಅವಳೇ ಬರೆಯಲಿ, ಒಪ್ಪದಿದ್ದರೆ ಒಪ್ಪಲ್ಲ ಅಂತಲೇ ಬರೆಯಲಿ. ಉಳಿದ ದಿನ, ಇದರಿಂದ ಇವತ್ತು ಮಾಡಬಹುದಾದ ಒಂದು ಚಿಕ್ಕ ಕೆಲಸ ಏನು ಅನ್ನುವ ಪ್ರಶ್ನೆ. ಬೈದ ದಿನ ಮಾತ್ರ ಪುಸ್ತಕ ತೆಗೆಯಬೇಡಿ. ಎರಡು ಸಲ ಹಾಗಾದರೆ ಸಾಕು, ಗೀತೆ ಅಂದರೆ ಬೈಗುಳ ಅಂತ ಮಗುವಿನ ಮನಸ್ಸಲ್ಲಿ ಕೂತುಬಿಡುತ್ತದೆ.

ಹಳೇಬೇರು:
ಕ್ಷಮಿಸಿ, ಇದನ್ನು ನಾನು ಪೂರ್ತಿ ವಿರೋಧಿಸುತ್ತೇನೆ. ಅಲ್ಲೊಂದು ಇಲ್ಲೊಂದು ಶ್ಲೋಕ ಕಿತ್ತು ಓದುವುದು ಶಾಸ್ತ್ರ ಓದುವ ರೀತಿಯೇ ಅಲ್ಲ. 18 ಅಧ್ಯಾಯ, 700 ಶ್ಲೋಕ, ಒಂದಕ್ಕೊಂದು ಹೆಣೆದುಕೊಂಡಿವೆ. "ಎಲ್ಲ ಧರ್ಮ ಬಿಟ್ಟು ನನ್ನೊಬ್ಬನಿಗೇ ಶರಣಾಗು" ಅನ್ನುವ 18.66ನ್ನು ಒಂಟಿಯಾಗಿ ಓದಿದವನಿಗೆ ಏನೂ ಮಾಡಬೇಕಿಲ್ಲ ಅನ್ನಿಸುತ್ತದೆ, "ಪರಧರ್ಮಕ್ಕಿಂತ ಸ್ವಧರ್ಮವೇ ಮೇಲು" ಅನ್ನುವ 3.35ನ್ನು ಒಂಟಿಯಾಗಿ ಓದಿದವನಿಗೆ ಏನನ್ನೂ ಬದಲಿಸಬಾರದು ಅನ್ನಿಸುತ್ತದೆ. ಮೊದಲು ಪಾರಾಯಣ, ವಾರಕ್ಕೊಂದು ಅಧ್ಯಾಯ, 18 ವಾರ. ಅರ್ಥ ಆಮೇಲೆ ತಾನಾಗಿ ಬರುತ್ತದೆ. ಉಚ್ಚಾರಣೆಯಲ್ಲಿ ರಾಜಿ ಬೇಡವೇ ಬೇಡ. ಇಲ್ಲಿಯ ಮಕ್ಕಳು ರೋಮನ್ ಲಿಪಿಯಲ್ಲಿ ಬರೆದುಕೊಂಡು "ಧರ್ಮ"ವನ್ನು "ದರ್ಮ" ಅನ್ನುತ್ತಾರೆ, ದೀರ್ಘ ನುಂಗುತ್ತಾರೆ, ವಿಸರ್ಗ ಬಿಡುತ್ತಾರೆ. 2.5ರಿಂದ 8 ಪಾದಕ್ಕೆ 11 ಅಕ್ಷರದ ತ್ರಿಷ್ಟುಪ್. ಅದನ್ನೂ ಅನುಷ್ಟುಪ್ಪಿನ ಧಾಟಿಯಲ್ಲೇ ಎಳೆದು ತಾಳ ಕೆಡಿಸುತ್ತಾರೆ. ಮೊದಲು ಕನ್ನಡ ಲಿಪಿ ಕಲಿಸಿ. ಲಿಪಿ ಇಲ್ಲದ ಮನೆಯಲ್ಲಿ ಶಾಸ್ತ್ರ ಉಳಿಯುವುದಿಲ್ಲ.

ಸಂಪಿಗೆಮರ:
ನೂರಕ್ಕೆ ನೂರು ನಿಜ ಸರ್! ಲಿಪಿ ಕಲಿಸೋ ಹಂಬಲ ಈಗಿನ ಅಪ್ಪ ಅಮ್ಮಂದಿರಿಗೇ ಇಲ್ಲ.

ಅನುಭವಮಂಟಪ:
ಲಿಪಿಗೇ ಇಷ್ಟು ಒದ್ದಾಟ ಇರುವಾಗ ಸಂಸ್ಕೃತದ ದಾರಿ ಯಾಕೆ? ವಚನ ಇದೆಯಲ್ಲ. ಅಕ್ಕಮಹಾದೇವಿಯ "ಬೆಟ್ಟದ ಮೇಲೊಂದು ಮನೆಯ ಮಾಡಿ" ತಗೊಳ್ಳಿ. ಬೆಟ್ಟಕ್ಕೆ ಮೃಗ, ಸಮುದ್ರಕ್ಕೆ ನೊರೆತೆರೆ, ಸಂತೆಗೆ ಶಬ್ದ, ಮೂರು ಚಿತ್ರ. ಕೊನೆಗೆ ಸ್ತುತಿನಿಂದೆ ಬಂದರೆ "ಕೋಪವ ತಾಳದೆ" ಸಮಾಧಾನಿಯಾಗಿರಬೇಕು ಅನ್ನುವ ತೀರ್ಮಾನ. ಸಹಪಾಠಿಗಳ ಮಾತಿಗೆ ಕುಗ್ಗಿದ ಮಗುವಿಗೆ ಇದಕ್ಕಿಂತ ನೇರವಾದದ್ದು ಬೇಕಾ? "ತಾಳದೆ" ಅನ್ನುವುದಕ್ಕೆ ಅಲ್ಲಿ ಸಹಿಸದೆ ಅಂತ ಅರ್ಥ ಅಲ್ಲ, ಕೋಪ ಇಟ್ಟುಕೊಳ್ಳದೆ ಅಂತ. ಅದೊಂದನ್ನು ವಿವರಿಸಿದರೆ ಉಳಿದದ್ದು ಕನ್ನಡ ಮಾತಾಡುವ ಮಗುವಿಗೆ ಬಹುಪಾಲು ಕೇಳಿಯೇ ತಿಳಿಯುತ್ತದೆ.

ಹಳೇಬೇರು:
ಪ್ರಶ್ನೆ ಗೀತೆಯದು. ವಚನದ ಬಗ್ಗೆ ಗೌರವ ಇದೆ, ಆದರೆ ಮಕ್ಕಳಿಗೆ ಇದೂ ಸರಿ ಅದೂ ಸರಿ ಅಂತ ಹೋದರೆ ಎರಡೂ ಗಟ್ಟಿಯಾಗಿ ಕೂರುವುದಿಲ್ಲ. ಒಂದು ಗ್ರಂಥ, ಒಂದು ಪರಂಪರೆ, ನಿತ್ಯ ಪಾರಾಯಣ. ನಮ್ಮ ಹಿರಿಯರು ಉಳಿಸಿಕೊಂಡದ್ದು ಹೀಗೆ.

ಅನುಭವಮಂಟಪ:
ಹಿರಿಯರು ಉಳಿಸಿಕೊಂಡದ್ದು ಅರ್ಥ ಗೊತ್ತಿದ್ದರಿಂದ. ವಚನ ಬೆಳೆದದ್ದೇ ಜನರ ಮಾತಿನಲ್ಲಿ ಹೇಳಬೇಕು ಅಂತ, 12ನೇ ಶತಮಾನದಲ್ಲಿ.

ಬಿಳಿಗೋಡು:
ಇಬ್ಬರೂ ಸ್ವಲ್ಪ ನಿಲ್ಲಿಸಿ. ಹುಡುಗಿ ರೂಮ್ ಬಿಟ್ಟು ಬರ್ತಿಲ್ಲ ಅಂತ ಬರೆದಿದ್ದಾರೆ, ಮೊದಲು ಅದನ್ನು ನೋಡಬೇಕು. ಹೊಂಬಾಳೆ, ನಿದ್ದೆ, ಊಟ, ಗೆಳತಿಯರ ಜೊತೆ ಮಾತು, ಮೊದಲು ಇಷ್ಟಪಡ್ತಿದ್ದ ಕೆಲಸ, ಈ ನಾಲ್ಕನ್ನು ಗಮನಿಸಿ. ಎರಡು ವಾರ ಹೆಚ್ಚು ಕಡಿಮೆ ದಿನಾಲೂ ಬಾಡಿದ ಮನಸ್ಸು, ನಿದ್ದೆ ಊಟ ಏರುಪೇರು ಆದ್ರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಬದುಕೋದೇ ಬೇಡ ಅನ್ನೋ ಥರದ ಮಾತು ಬಂದ್ರೆ ಅದೇ ದಿನ, ಒಂಟಿಯಾಗಿ ಬಿಡದೆ. ಅಂಥ ಯೋಚನೆ ಇದೆಯಾ ಅಂತ ನೇರವಾಗಿ ಕೇಳಬಹುದು, ಕೇಳಿದ್ರೆ ತಲೆಗೆ ಹಾಕಿದ ಹಾಗೆ ಆಗಲ್ಲ. ಶ್ಲೋಕ ಜೊತೆಗಿರಲಿ, ವೈದ್ಯರ ಬದಲಿಗೆ ಬೇಡ. ಗೀತೆಯೂ 6.16, 17ರಲ್ಲಿ ಊಟ ನಿದ್ದೆ ಹೆಚ್ಚೂ ಆಗಬಾರದು ಕಡಿಮೆಯೂ ಆಗಬಾರದು ಅನ್ನುತ್ತೆ. 2.14ರ "ತಿತಿಕ್ಷಸ್ವ" ಹಿಡ್ಕೊಂಡು ಕಾಯಿಲೆಯನ್ನು ಸಹಿಸ್ಕೋ ಅನ್ನೋದು ದೊಡ್ಡ ಅಪಾಯ.

ಸಂಪಿಗೆಮರ:
ಪಾರಾಯಣ ಮಾಡೋ ಮಕ್ಕಳಿಗೆ ಇಂಥದ್ದು ಬರಲ್ಲ ಅನ್ನೋದು ನನ್ನ ನಂಬಿಕೆ.

ಬಿಳಿಗೋಡು:
ಅರ್ಜುನನಿಗೆ ಕೃಷ್ಣನೇ ಪಕ್ಕದಲ್ಲಿದ್ದ, ಅವನಿಗೇ ಬಂತಲ್ಲ. ದಯವಿಟ್ಟು ಆ ಮಾತನ್ನು ಕಷ್ಟದಲ್ಲಿರೋ ತಾಯಿಗೆ ಹೇಳಬೇಡಿ.

ಹಳೇಬೇರು:
ವೈದ್ಯರ ವಿಷಯದಲ್ಲಿ ನನ್ನ ತಕರಾರಿಲ್ಲ. ಉಚ್ಚಾರಣೆಯ ಮಾತು ಮಾತ್ರ ಯಾರೂ ಮರೆಯಬೇಡಿ. ಆಸಕ್ತರು ಹೆಸರು ಕೊಡಿ, ಪಾರಾಯಣದ ಗುಂಪು ಮಾಡೋಣ.

ಸಂಪಿಗೆಮರ:
ನನ್ನ ಹೆಸರು ಬರ್ಕೊಳ್ಳಿ ಸರ್.

ಹೊಂಬಾಳೆ:
ಎಲ್ಲರಿಗೂ ಧನ್ಯವಾದ. ಮೊದಲು ನಿದ್ದೆ ಊಟ ನೋಡ್ತೀನಿ. ತುಂಗಾತೀರ ಅವರೇ, ಒಪ್ಪಲ್ಲ ಅಂತ ಬರೆಯಲಿ ಅಂದ್ರಲ್ಲ, ಅಷ್ಟು ಸಡಿಲ ಬಿಡಬಹುದಾ? ಪುಸ್ತಕ ಯಾವ ಥರದ್ದು ತಗೊಳ್ಳಲಿ?

ತುಂಗಾತೀರ:
ಬಿಡಬಹುದು. "ಕಲಸಿದ ಮಾತಿನಿಂದ ನನ್ನ ಬುದ್ಧಿ ಕೆಡಿಸುತ್ತಿದ್ದೀಯ" ಅಂತ 3.2ರಲ್ಲಿ ಅರ್ಜುನ ಎದುರಿಗೇ ಹೇಳುತ್ತಾನೆ, ಕೃಷ್ಣ ಸಿಟ್ಟಾಗುವುದಿಲ್ಲ. 18.63ರಲ್ಲಿ "ಪೂರ್ತಿ ವಿಮರ್ಶಿಸಿ, ಇಷ್ಟ ಬಂದಂತೆ ಮಾಡು" ಅಂತ ನಿರ್ಧಾರವನ್ನು ಅವನಿಗೇ ಬಿಡುತ್ತಾನೆ.

ಪುಸ್ತಕದಲ್ಲಿ ಮೂಲ, ಪದಚ್ಛೇದ, ಅನ್ವಯ, ತಾತ್ಪರ್ಯ ನಾಲ್ಕೂ ಬೇರೆ ಬೇರೆ ಇರಲಿ. ಬರೀ ತಾತ್ಪರ್ಯ ಇದ್ದರೆ ಶ್ಲೋಕ ಎಲ್ಲಿ ಮುಗಿಯಿತು, ವ್ಯಾಖ್ಯಾನ ಎಲ್ಲಿ ಶುರುವಾಯಿತು ಅಂತ ಮಗುವಿಗೆ ಗೊತ್ತಾಗುವುದಿಲ್ಲ. ಶಂಕರ, ರಾಮಾನುಜ, ಮಧ್ವ ಮೂವರ ಭಾಷ್ಯಗಳಲ್ಲೂ ಅರ್ಥ ಬೇರೆಯಾಗುವ ಕಡೆಗಳಿವೆ. ನಿಮ್ಮ ಮನೆಯ ಪರಂಪರೆಯದ್ದು ಒಂದನ್ನು ಹಿಡಿಯಿರಿ, ಯಾರ ವ್ಯಾಖ್ಯಾನ ಅಂತ ಅವಳಿಗೂ ಹೇಳಿಡಿ. ಈ ವಾರ ಶ್ಲೋಕ ಕಲಿಸುವುದು ಬೇಡ, 1.28ರಿಂದ 30ರ ಅರ್ಥ ಓದಿದರೆ ಸಾಕು, ಅದನ್ನೂ ಅವಳು ಊಟಕ್ಕೆ ಬಂದು ಕೂತು ಮಾತಾಡಲು ಶುರುಮಾಡಿದ ಮೇಲೆ.